ದೇವರಿಗೆ ಬಿಟ್ಟ ಶೇಂಗಾ

ನಮ್ಮ ಮಗಳಿಗೆ ಶೇಂಗಾ ಆಗುವುದಿಲ್ಲ. ಬೇರೆ ಕಡೆ ಇದ್ದಿದ್ದರೆ ಇದು ಇಷ್ಟು ದೊಡ್ಡ ಸುದ್ದಿ ಆಗುತ್ತಿರಲಿಲ್ಲವೇನೋ. ನಮ್ಮ ಯಲಬುರ್ಗಾದಲ್ಲಿ ಹಾಗಲ್ಲ. ಇಲ್ಲಿ ರೊಟ್ಟಿಗೆ ಶೇಂಗಾ ಚಟ್ನಿ, ಬದನೆಕಾಯಿಯ ಹೊಟ್ಟೆಯೊಳಗೆ ಶೇಂಗಾ ಪುಡಿ, ಒಗ್ಗರಣೆಗೆ ಶೇಂಗಾ ಎಣ್ಣೆ, ಬಸ್ಸಿಗೆ ಕಾಯುವಾಗ ಹುರಿದ ಶೇಂಗಾ. ಹಬ್ಬ ಬಂತೆಂದರೆ ಶೇಂಗಾ ಉಂಡಿ, ಶೇಂಗಾ ಹೋಳಿಗೆ.

ಅವಳು ಮೂರು ವರ್ಷದವಳಿದ್ದಾಗ ಅರ್ಧ ಉಂಡಿ ತಿಂದಳು. ತುಟಿ ಊದಿತು. ಮೈತುಂಬ ದದ್ದು ಎದ್ದವು. ಉಸಿರು ಎಳೆದಾಗ ಎದೆಯೊಳಗೆ ಸೀಟಿ ಊದಿದಂತೆ ಸದ್ದು. ಕೊಪ್ಪಳದ ಆಸ್ಪತ್ರೆಯ ದಾರಿ ಅವತ್ತು ಮುಗಿಯಲೇ ಇಲ್ಲ ಅನಿಸಿತು. ಇಂಜೆಕ್ಷನ್ ಕೊಟ್ಟು ಉಳಿಸಿದ ಡಾಕ್ಟರು, "ಇನ್ನು ಒಂದು ಕಾಳೂ ಬೇಡ, ಮುಂದಿನ ಸಲ ಇದಕ್ಕಿಂತ ಜೋರಾಗಿ ಬರಬಹುದು" ಎಂದರು. ಗಂಗಾವತಿಯಲ್ಲಿರುವ ಅಕ್ಕನಿಗೆ ಗಾಬರಿ ಆಗಬಾರದೆಂದು ಅವ್ವ ಫೋನಿನಲ್ಲಿ "ಕೂಸಿಗೆ ಆರಾಮಿರಲಿಲ್ಲ" ಎಂದಷ್ಟೇ ಹೇಳಿದಳು.

ಅಂದಿನಿಂದ ನಮ್ಮ ಮನೆಯಲ್ಲಿ ಶೇಂಗಾ ಇಲ್ಲ. ನಾನು ಸಾಲಿ ಕಲಿತದ್ದು ತಡ. ಮೋಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ಹತ್ತನೇ ಪರೀಕ್ಷೆ ಕಟ್ಟಿದವನು, ಓದುವುದು ನಿಧಾನ. ಬಿಸ್ಕಿಟ್ ಪಾಕೀಟಿನ ಹಿಂದಿನ ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟು ನಿಂತರೆ ಕಿರಾಣಿ ಅಂಗಡಿಯವನು, "ಅಣ್ಣಾರ, ತಗೊಳ್ರಿ, ಇಲ್ಲಾ ಕುಂತು ಪರೀಕ್ಷೆ ಬರೀರಿ" ಎನ್ನುತ್ತಾನೆ.

ಮನೆ ನಮ್ಮ ಕೈಯಲ್ಲಿತ್ತು. ಓಣಿ ಇರಲಿಲ್ಲ. ನಮ್ಮಲ್ಲಿ ಬಾಗಿಲಿಗೆ ಬಂದ ಕೂಸಿನ ಬಾಯಿಗೆ ಮೊದಲು ತುತ್ತು ಬೀಳುತ್ತದೆ, ಆಮೇಲೆ "ಯಾರ ಮಗಳವಾ ನೀ?" ಎಂಬ ಪ್ರಶ್ನೆ. ಅದರಲ್ಲೂ ನಾಗರ ಪಂಚಮಿ ಬಂದರೆ ಮನೆಮನೆಗೆ ಉಂಡಿ ಓಡಾಡುತ್ತವೆ. ಅದಕ್ಕೆ ಹಬ್ಬದ ಮೊದಲೇ ನಾನು ಓಣಿಯ ಎಲ್ಲರಿಗೂ "ಕೂಸಿಗೆ ಶೇಂಗಾ ಆಗಂಗಿಲ್ಲ" ಎಂದಷ್ಟೇ ಹೇಳಿ ಬಂದೆ. ಯಾರೂ ನಂಬಲಿಲ್ಲ. ಬಾಜೂ ಮನೆಯ ದೊಡ್ಡವ್ವನಂತೂ ನಕ್ಕೇಬಿಟ್ಟಳು.

"ಹೊಲದಾಗ ಬೆಳಿಯೂದು ಅದ, ಹೊಟ್ಟಿಗೆ ಆಗಂಗಿಲ್ಲಂತ!"

"ಡಾಕ್ಟರು ಹೇಳ್ಯಾರ ದೊಡ್ಡವ್ವ."

"ಅವರು ಬ್ರೆಡ್ ತಿನ್ನೋ ಮಂದಿ. ನೀ ದಿನಾ ಒಂದೊಂದು ಕಾಳು ತಿನ್ನಿಸಿ ರೂಢಿ ಮಾಡೋ."

ಪಂಚಮಿಯ ದಿನ ಮಗಳು ನಮ್ಮ ಬಾಗಿಲ ಮುಂದಿನ ಜೋಕಾಲಿಯಲ್ಲಿ ಕುಳಿತಿದ್ದಳು. ದೊಡ್ಡವ್ವ ಒಂದು ಉಂಡಿ ಮುರಿದು, "ಇಷ್ಟ ಇಷ್ಟು, ಏನಾಗಂಗಿಲ್ಲ, ಆ ಅನ್ನವಾ" ಎನ್ನುತ್ತ ಬಂದಳು. ನಾನು ಅಂಗಳ ದಾಟುವಷ್ಟರಲ್ಲಿ ಒಳಗಿನಿಂದ ಅವ್ವ ಕೂಗಿದಳು.

"ಬ್ಯಾಡಬೇ! ಮೊಮ್ಮಗಳು ಶೇಂಗಾ ದೇವರಿಗೆ ಬಿಟ್ಟಾಳ! ಹರಕಿ ಐತಿ!"

ಕೈ ಅಲ್ಲೇ ನಿಂತಿತು. ದೊಡ್ಡವ್ವ ಉಂಡಿಯನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿನಲ್ಲಿ ಮುಚ್ಚಿದಳು. "ಅಯ್ಯ, ಮೊದಲ ಹೇಳಬಾರ್ದೇನು? ಪಾಪ ನನಗ ಹತ್ತತಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಇಂಥಾದ್ದು ಹೇಳೂದು ಬಿಟ್ಟು ಡಾಕ್ಟರು ಗೀಕ್ಟರು ಅಂತಿ" ಎಂದು ಬೈದಳು.

"ಸುಳ್ಳು ಯಾಕ ಹೇಳಿದಿ ಅವ್ವಾ?" ಎಂದು ನಾನು ಕೇಳಿದೆ.

"ನೀ ಖರೇ ಹೇಳಿ ಯಾರ ಕೈ ಹಿಡದಿ?"

ಗಣಪತಿ ಹಬ್ಬ, ದಸರಾ ಎರಡೂ ಸುಸೂತ್ರವಾಗಿ ಹೋದವು. ಮಗಳು ಬಂದರೆ ಓಣಿಯವರೇ ಶೇಂಗಾದ ತಾಟು ಮರೆಮಾಡುತ್ತಿದ್ದರು. ಒಬ್ಬರು, "ಯಾವ ದೇವರಿಗೆ ಬಿಟ್ಟಿಯವಾ?" ಎಂದು ಕೇಳಿದ್ದಕ್ಕೆ ಅವಳು, "ಅಜ್ಜಿ ಇನ್ನೂ ಹೇಳಿಲ್ಲರಿ" ಎಂದಳಂತೆ.

ದೀಪಾವಳಿಗೆ ಅಕ್ಕ ಬಂದಳು. ಪಂಚಮಿಗೆ ಭತ್ತದ ನಾಟಿ ಇದ್ದುದರಿಂದ ಬರಲು ಆಗಿರಲಿಲ್ಲ. ಬಸ್ಸಿನಿಂದ ಇಳಿದವಳು ಕುಂಟುತ್ತಿದ್ದಳು.

"ಕಾಲಿಗೇನಾತಕ್ಕ?"

"ಒಳ್ಳೇದ ಆಗೈತಿ, ನಡಿ."

ಮನೆಗೆ ಬಂದವಳೇ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಡಬ್ಬಿ ತೆಗೆದಳು. ಶೇಂಗಾ ಹೋಳಿಗೆಯ ವಾಸನೆ ಪಡಸಾಲೆಯಲ್ಲಿ ತುಂಬಿತು.

"ನಿನ್ನ ಹರಕಿ ತೀರಿತು ಕೂಸ. ಅಜ್ಜಿ ಫೋನಿನ್ಯಾಗ ಹೇಳಿದ್ಲು, ಶೇಂಗಾ ದೇವರಿಗೆ ಬಿಟ್ಟೀಯಂತ. ಎಳೀ ಕೂಸು ಎಷ್ಟಂತ ಬಾಯಿ ಕಟ್ಟೀತು? ನಿನ್ನ ಬದ್ಲಿ ನಾ ಅಮ್ಮನ ಗುಡಿಗೆ ದೀಡ ನಮಸ್ಕಾರ ಹಾಕಿ ಬಂದೀನಿ. ಪೂಜಾರಿನ್ನೂ ಕೇಳೀನಿ, ತಿನ್ನಬಹುದಂತ."

ಅಡ್ಡ ಬಿದ್ದು, ಕೈ ಮುಟ್ಟಿದ ಕಡೆ ಎದ್ದು ನಿಂತು, ಮತ್ತೆ ಅಡ್ಡ ಬಿದ್ದು, ಹಾಗೇ ಗುಡಿ ಸುತ್ತಿದ್ದಳು ನಮ್ಮಕ್ಕ. ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ಅವಳ ಕೈಯಲ್ಲಿದ್ದ ತುತ್ತು ಮಗಳ ಬಾಯಿಯ ಹತ್ತಿರ ಬಂದಿತ್ತು. ನನ್ನ ಹೆಂಡತಿ ಓಡಿ ಬಂದು ಆ ಕೈ ಹಿಡಿದಳು.

ಅಕ್ಕನ ಮುಖ ಸಣ್ಣದಾಯಿತು. "ಯಾಕ? ನನ್ನ ಕೈಯಾಂದು ತಿನಬಾರ್ದೇನು ನಿಮ್ಮ ಮಗಳು?"

ನಾವಿಬ್ಬರೂ ಅವ್ವನನ್ನು ನೋಡಿದೆವು. ಅವ್ವ, "ಹಾಲು ಉಕ್ಕತೈತಿ" ಎಂದು ಒಳಗೆ ಹೋದಳು. ಒಲೆ ಹಚ್ಚಿರಲೇ ಇಲ್ಲ.

"ಅಕ್ಕ, ಹರಕಿ ಇಲ್ಲ. ಅದು ಅವ್ವ ಹೇಳಿದ ಮಾತು," ಎಂದೆ.

ಅಕ್ಕ ಒಮ್ಮೆ ನನ್ನನ್ನು, ಒಮ್ಮೆ ತನ್ನ ಮೊಣಕಾಲನ್ನು ನೋಡಿದಳು. "ಹಂಗಾರ ನಾ ಯಾರ ಹರಕಿ ತೀರಿಸಿ ಬಂದ್ನೋ ತಮ್ಮಾ?"

ಹೆಂಡತಿ ನಗು ಬಂದು ಗೋಡೆಯ ಕಡೆ ತಿರುಗಿದಳು. ನನಗೂ ನಗು ಬರುತ್ತಿತ್ತು. ಅಷ್ಟರಲ್ಲಿ ಮಗಳು ತೊಡೆಯಿಂದ ಇಳಿದು ನಿಂತಳು.

"ಅತ್ತಿ, ಅದನ್ನ ತಿಂದ್ರ ನನಗ ಉಸಿರು ಬರಂಗಿಲ್ಲ. ಅವತ್ತು ಅಪ್ಪ ಗಾಡ್ಯಾಗ ಅಳಾಕತ್ತಿದ್ದ."

ಅವಳಿಗೆ ಅದು ನೆನಪಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಕ್ಕ ಡಬ್ಬಿ ಮುಚ್ಚಿದಳು. ಆಗ ನಾನು ಕೊಪ್ಪಳದ ದಾರಿಯನ್ನು ಮೊದಲಿನಿಂದ ಹೇಳಿದೆ, ತುಟಿ ಊದಿದ್ದು, ಎದೆಯ ಸೀಟಿ, ಡಾಕ್ಟರ ಮಾತು. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. ಹರಕೆ ಓಣಿಯವರ ಕೈ ಹಿಡಿದದ್ದು ಖರೆ, ಆದರೆ ಯಾಕೆ ಹಿಡಿಯಬೇಕು ಎಂಬುದು ಯಾರಿಗೂ ತಿಳಿಯಲಿಲ್ಲ. ಮತ್ತೆ ಹರಕೆ ಎಂದರೆ ಒಂದು ದಿನ ತೀರುವಂಥದ್ದು. ಅವಳ ಮೇಲೆ ಜೀವ ಇಟ್ಟವರು ಯಾರು ಬೇಕಾದರೂ ತೀರಿಸಿಬಿಡಬಹುದು.

ಅಕ್ಕ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದು, ಸೀರೆ ಬದಲಿಸಿ ಬಂದಳು. ಮಗಳ ಕೈ ಹಿಡಿದು, "ನಡಿ" ಎಂದಳು.

"ಎಲ್ಲಿಗಕ್ಕ?"

"ಓಣಿಗೆ. ಹರಕಿ ತೀರಿತಂತ ದೊಡ್ಡವ್ವಗ ನಾನ ಫೋನ್ ಮಾಡೀನಿ. ಆಕಿ ಸುಮ್ನ ಇರ್ತಾಳೇನು? ಎಲ್ಲಾರೂ ಹೋಳಿಗಿ ಹಿಡ್ಕೊಂಡ ಕುಂತಿರ್ತಾರ."

ನಾನೂ ಹಿಂದೆ ಹೋದೆ. ದೊಡ್ಡವ್ವ ನಿಜಕ್ಕೂ ಬಾಗಿಲಲ್ಲೇ ಇದ್ದಳು, ಕೈಯಲ್ಲಿ ಹೋಳಿಗೆ ಇತ್ತು.

"ಹರಕಿ ಗಿರಕಿ ಏನಿಲ್ಲ ದೊಡ್ಡವ್ವ," ಎಂದಳು ಅಕ್ಕ, ಇಡೀ ಓಣಿಗೆ ಕೇಳುವಂತೆ. "ಒಂದ ಕಾಳು ಹೋದ್ರೂ ಕೂಸಿನ ಉಸಿರು ಕಟ್ಟತೈತಿ. ಇನ್ನ ಕೊಡೂದಿದ್ರ ನನ್ನ ಬಾಯಾಗ ಹಾಕು."

"ಮತ್ತ ನಿಮ್ಮವ್ವ ಅಂದಿದ್ದು?"

"ಆಕಿನ್ನ ಕೇಳಹೋಗು."

ದೊಡ್ಡವ್ವ ಬಗ್ಗಿ ಮಗಳ ಮುಖ ನೋಡಿದಳು. "ಉಸಿರಾ?"

"ಹೂಂನ್ರಿ."

ದೊಡ್ಡವ್ವ ಹೋಳಿಗೆಯನ್ನು ಅಕ್ಕನ ಕೈಗೆ ಕೊಟ್ಟು ಒಳಗೆ ಹೋದಳು. ಪೂಜೆಯ ತಾಟಿನಿಂದ ಬಾಳೆಹಣ್ಣು ತಂದು ಸುಲಿಯತೊಡಗಿದಳು. ಮಗಳು ಎರಡೂ ಕೈ ಹಿಂದೆ ಕಟ್ಟಿಕೊಂಡಳು.

"ಅಜ್ಜೀ, ಕೈ ತೊಳ್ಕೊಂಡಿರೇನ್ರಿ?"

ದೊಡ್ಡವ್ವ ತನ್ನ ಕೈ ನೋಡಿಕೊಂಡಳು. ಬೆರಳಿನ ಸಂದಿಯಲ್ಲಿ ಶೇಂಗಾ ಪುಡಿ ಇತ್ತು. ಹಣ್ಣನ್ನು ಅಲ್ಲೇ ಇಟ್ಟು ಬಚ್ಚಲಿಗೆ ಹೋದಳು. ನೀರಿನ ಸದ್ದು ಬಂತು, ಆಮೇಲೆ ಅವಳ ದನಿ.

"ಬರೇ ನೀರು ಸಾಕೋ, ಸಾಬೂನು ಬೇಕೋ?"

"ಸಾಬೂನು!" ಮೂವರೂ ಒಟ್ಟಿಗೇ ಕೂಗಿದೆವು.