ಖಾಲಿ ತಟ್ಟೆ ಮತ್ತು ಅರಗಿನ ಮೊಹರು

ಇವತ್ತು ಬೆಳಿಗ್ಗೆ ತೆಂಗಿನೆಣ್ಣೆಯಲ್ಲಿ ಹಿಟ್ಟು ಕರಿಯುವ ವಾಸನೆ ಬೇಲಿ ದಾಟಿ ನಮ್ಮ ಜಗಲಿಗೆ ಬಂತು. ಸ್ವಲ್ಪ ಹೊತ್ತಿನಲ್ಲಿ ತಟ್ಟೆಯೂ ಬಂತು. ಮಣ್ಣಗುಡ್ಡದ ನಮ್ಮ ಪಕ್ಕದ ಮನೆಯ ಬಾಯಮ್ಮ ಪ್ರತಿ ಕ್ರಿಸ್ಮಸ್ಸಿಗೆ ಕಳುಹಿಸುವ ಕುಸ್ವಾರಿನ, ಎಂದರೆ ಹಬ್ಬದ ತಿಂಡಿಗಳ, ತಟ್ಟೆ ಅದು. ಅಂಚಿಗೆ ನೀಲಿ ಗೆರೆ, ಮೇಲೆ ಅವರೇ ಹೆಣೆದ ಬಿಳಿ ಬಲೆಬಟ್ಟೆ. ಎತ್ತಿ ನೋಡಿದೆ. ಕರ್ಜಿಕಾಯಿಯಂಥ ನೆವ್ರಿ ಎರಡು, ಚಿಪ್ಪಿನ ಹಾಗೆ ಸುರುಳಿಯಾದ ಕಿಡಿಯೊ ಒಂದು ಹಿಡಿ, ಗೋಲಿಯಂಥ ಗುಳಿಯೊ ಆರು. ಯುದ್ಧದ ಕಾಲ, ಸಕ್ಕರೆಗೆ ರೇಶನ್. ಮೊದಲೆಲ್ಲ ಆ ಬಟ್ಟೆ ಗುಡ್ಡದ ಹಾಗೆ ಎದ್ದು ನಿಲ್ಲುತ್ತಿತ್ತು.

"ತಟ್ಟೆಗೆ ಎಂತ ಹಾಕಿ ಕೊಡುವುದು?" ಎಂದು ಹೆಂಡತಿ ಒಳಗಿನಿಂದ ಕೇಳಿದಳು.

ನಾನು ಶಾಲೆಯೊಂದರ ಹೆಡ್‌ಮಾಸ್ಟರು. ದಿನಕ್ಕೆ ಐವತ್ತು ಪ್ರಶ್ನೆಗೆ ಉತ್ತರ ಕೊಡುವವನು. ಈ ಪ್ರಶ್ನೆ ಎಂದರೆ ಮಾತ್ರ ನನಗೆ ಹೆದರಿಕೆ. ಕಳೆದ ವರ್ಷದವರೆಗೆ ಇದು ಅಮ್ಮನ ಖಾತೆಯ ಪ್ರಶ್ನೆಯಾಗಿತ್ತು. ಈ ವರ್ಷ ಅಮ್ಮ ಇಲ್ಲ. ಇನ್ನೊಂದು ಕಾರಣವೂ ಇದೆ. ಬಹಳ ಹಿಂದೆ ಒಮ್ಮೆ ನಾನಾಗಿ ಮುಂದೆ ಬಿದ್ದು ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದೆ. ಏನಾಯಿತೆಂದು ಹೇಳುತ್ತೇನೆ, ಕುಳಿತುಕೊಳ್ಳಿ. ಒಂದು ಗುಳಿಯೊ ತೆಗೆದುಕೊಳ್ಳಿ. ಹಲ್ಲು ಗಟ್ಟಿ ಇದ್ದರೆ ಮಾತ್ರ.

ಆಗ ನಾನು ಬಿ.ಎ. ಪಾಸಾಗಿ ಆರು ತಿಂಗಳು. ನಮ್ಮಪ್ಪ ಹಂಚಿನ ಕಾರ್ಖಾನೆಗೆ ಎತ್ತಿನ ಗಾಡಿಯಲ್ಲಿ ಆವೆಮಣ್ಣು ಹೊಡೆಯುತ್ತಿದ್ದವರು. ನಮ್ಮ ವಂಶದಲ್ಲಿ ನನಗಿಂತ ಮೊದಲು ಸಹಿ ಹಾಕಲು ಬಂದವರೇ ಇರಲಿಲ್ಲ. ನಾಲ್ಕು ವರ್ಷದ ಓದನ್ನು ಐದು ವರ್ಷ ಓದಿ ಪಾಸಾದವನು ನಾನು. ಸುಮ್ಮನೆ ಬಂದ ಡಿಗ್ರಿ ಅಲ್ಲ; ಬೀದಿಯ ದೀಪವೂ ಅಪ್ಪನ ಬೆನ್ನೂ ಎರಡೂ ಅದಕ್ಕೆ ಸವೆದಿದ್ದವು. ಹಾಗಾಗಿ ಮಾವಿನ ಹಲಗೆಯೊಂದಕ್ಕೆ ನನ್ನ ಹೆಸರು ಬರೆಸಿ, ಮುಂದೆ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ 'ಬಿ.ಎ.' ಎಂದು ಬರೆಸಿ, ನಮ್ಮ ಮುಳಿಹುಲ್ಲಿನ ಮನೆಯ ಮಣ್ಣಿನ ಗೋಡೆಗೆ ಹೊಡೆದಿದ್ದೆ. ಮೊಳೆ ನಿಲ್ಲದೆ ಎರಡು ಸಲ ಬಿತ್ತು. ಒಂದು ಸಲ ಅಪ್ಪನ ಕಾಲಿನ ಮೇಲೆ. "ಭಾರ ಉಂಟು ಮಾರಾಯ, ನಿನ್ನ ಬಿ.ಎ." ಎಂದರು ಅಪ್ಪ. (ಮನೆಯ ಮಾತೆಲ್ಲ ತುಳುವಿನಲ್ಲಿ ನಡೆದದ್ದು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.)

ಬಾಯಮ್ಮನ ಗಂಡನನ್ನು ಎಲ್ಲರೂ ಪೊರ್ಬುಗಳು ಎನ್ನುತ್ತಿದ್ದರು. ಟೈಲರು. ನಮಗೆ ಬಾವಿ ಇರಲಿಲ್ಲ, ಅವರ ಬಾವಿಯ ನೀರೇ ನಮಗೆ. ಬೆಳಿಗ್ಗೆ ಅಮ್ಮ ಕೊಡ ಇಳಿಸಿದಾಗ ರಾಟೆ ಕಿರ್ರೆನ್ನುತ್ತಿತ್ತು, ಆ ಸದ್ದಿಗೆ ಬಾಯಮ್ಮ ಹೊರಗೆ ಬರುತ್ತಿದ್ದರು. ಆಮೇಲೆ ಒಂದು ಕೊಡ ನೀರಿಗೆ ಅರ್ಧ ಗಂಟೆ. ಇಪ್ಪತ್ತು ವರ್ಷ ಹೀಗೆ. ಅಮ್ಮನಿಗೆ ಊರಿನಲ್ಲಿದ್ದ ಒಬ್ಬಳೇ ಸ್ನೇಹಿತೆ ಎಂದರೆ ಬಾಯಮ್ಮ.

ಕ್ರಿಸ್ಮಸ್ಸಿಗೆ ಆ ಮನೆಯ ತಟ್ಟೆ ನಮ್ಮಲ್ಲಿಗೆ ಬಂದರೆ, ಅಮ್ಮ ಅದಕ್ಕೆ ಹಿತ್ತಿಲಿನ ಕೆಂಪು ಹರಿವೆಯ ಒಂದು ಕಟ್ಟು, ಕೆಡದ ಹಾಗೆ ಮನೆಯ ಮಾಡಿನ ಅಡಿಗೆ ತೂಗುಹಾಕಿಟ್ಟ ಸೌತೆಕಾಯಿ ಒಂದು ಹಾಕಿ ಹಿಂದೆ ಕೊಡುವುದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಬೇಕು. ಖಾಲಿ ತಟ್ಟೆ ಹಿಂದೆ ಹೋಯಿತೆಂದರೆ 'ಇನ್ನು ನಿಮ್ಮ ಸಹವಾಸ ಸಾಕು' ಎಂದು ಹೇಳಿ ಕಳುಹಿಸಿದ ಹಾಗೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಿ.ಎ.ಗೆ ಈ ಪಾಠ ಇರಲಿಲ್ಲ.

ಆ ವರ್ಷ ಹರಿವೆ ಕಂಡು ನನಗೆ ನಾಚಿಕೆಯಾಯಿತು. ಗ್ರಾಜುಯೇಟ್ ಇರುವ ಮನೆಯಿಂದ ಕ್ರಿಸ್ಮಸ್ಸಿಗೆ ಸೊಪ್ಪೇ? ಯೋಚನೆ ಮಾಡಿ ಕೊಡಬೇಕು, ನೆನಪಿನಲ್ಲಿ ಉಳಿಯುವಂಥದ್ದು ಕೊಡಬೇಕು ಎಂದು ನಾನು ಹಂಪನಕಟ್ಟೆಯ ಪೇಟೆಗೆ ಹೋಗಿ ಒಂದು ಕಾರ್ಡು ತಂದೆ. ಬಿಳಿಯರ ಸೀಮೆಯ ಕಾರ್ಡು. ಹಿಮ ತುಂಬಿದ ದಾರಿ, ಕುದುರೆ ಗಾಡಿ, ಕೆಂಪು ಎದೆಯ ಹಕ್ಕಿ.

ಅಮ್ಮ ನೋಡಿದಳು. "ಇದೆಂತ, ಸುಣ್ಣ ಚೆಲ್ಲಿದ್ದಾ?"

"ಅದು ಹಿಮ."

"ಆ ಗಾಡಿಯವನು ಎತ್ತನ್ನು ಎಲ್ಲಿ ಬಿಟ್ಟ?" ಎಂದು ಅಪ್ಪ ಕೇಳಿದರು.

ಇಂಥ ಪ್ರಶ್ನೆಗಳಿಗೆ ಉತ್ತರಿಸುವುದು ನನ್ನ ಘನತೆಗೆ ಕಡಿಮೆ. ಕಾರ್ಡಿನ ಒಳಗೆ ಇಂಗ್ಲಿಷಿನಲ್ಲಿ ಹನ್ನೊಂದು ಸಾಲು ಬರೆದೆ. ಸರಕಾರಕ್ಕೆ ಅರ್ಜಿ ಹಾಕಿ ಉಳಿದ ಉದ್ದದ ಲಕೋಟೆ ಇತ್ತು, ಅದಕ್ಕೆ ಹಾಕಿ, ಹೊರಗೆ ನನ್ನ ಹೆಸರೂ ಬಿ.ಎ.ಯೂ ಬರೆದೆ. ಕೆಂಪು ಅರಗೂ ಉಳಿದಿತ್ತು. ಅದನ್ನು ಕರಗಿಸಿ ಮೊಹರು ಒತ್ತಿದೆ. ಮೊಹರಿಲ್ಲದ್ದರಿಂದ ಅಂಗಿಯ ಗುಂಡಿ ಒತ್ತಿದೆ. ಅಮ್ಮ ತಟ್ಟೆಗೆ ಹಾಕಿಟ್ಟ ಹರಿವೆ, ಸೌತೆಕಾಯಿ ತೆಗೆದು, ಯಾರಿಗೂ ಕಾಣದ ಹಾಗೆ ಮೂಲೆಯ ಬುಟ್ಟಿಯ ಅಡಿಗೆ ದೂಡಿದೆ. ಬೋಳು ತಟ್ಟೆಯ ಮೇಲೆ ಲಕೋಟೆ ಇಟ್ಟು, ಮೇಲೆ ಬಟ್ಟೆ ಮುಚ್ಚಿ, ಅವರ ಜಗಲಿಯಲ್ಲಿ ಇಟ್ಟು ಬಂದೆ. ಕರೆದು ಕೊಡಲು ಸಂಕೋಚ. ದೊಡ್ಡ ಕೊಡುಗೆ ಕೊಡುವವರು ಹೀಗೆಯೇ ಸದ್ದಿಲ್ಲದೆ ಕೊಡುತ್ತಾರೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಪೊರ್ಬುಗಳು ನುಗ್ಗೆ ಮರ ಹತ್ತಿದ್ದಾರೆ. ನಮ್ಮ ಹಿತ್ತಿಲಿಗೆ ಬಾಗಿದ್ದ ಗೆಲ್ಲನ್ನು ಕಡಿಯುತ್ತಿದ್ದಾರೆ. ಅದರ ಮರುದಿನ, ನಮ್ಮ ಜಗಲಿಗೆ ಬಂದು ಕೂಗುತ್ತಿದ್ದ ಅವರ ಹುಂಜದ ಕಾಲಿಗೆ ಹಗ್ಗ ಬಿದ್ದಿತ್ತು. ನನಗೆ ಆಶ್ಚರ್ಯವೂ ಆಯಿತು, ಹೆಮ್ಮೆಯೂ ಆಯಿತು. ಒಂದು ಕಾರ್ಡಿಗೆ ನೆರೆಕರೆಯವರಲ್ಲಿ ಇಷ್ಟು ಶಿಸ್ತು ಬರುವುದಾದರೆ ಈ ಊರಿಗೆ ಇನ್ನೂ ನಾಲ್ಕು ಗ್ರಾಜುಯೇಟರು ಬೇಕು ಎನಿಸಿತು.

ಅಮ್ಮ ಮಾತ್ರ ಬಾವಿಯಿಂದ ಬೇಗ ಬೇಗ ಬರತೊಡಗಿದಳು. ಮೂರನೆಯ ದಿನ ಕೊಡ ಇಳಿಸಿ ಅಲ್ಲೇ ಕುಳಿತಳು.

"ಇವತ್ತೂ ಬಾಯಮ್ಮ ಮಾತಾಡ್ಲಿಲ್ಲ. ರಾಟೆ ಸದ್ದು ಕೇಳಿ ಕಿಟಕಿ ಹಾಕಿದ್ರು. ನನ್ನಿಂದ ಎಂತ ತಪ್ಪಾಯ್ತು? ನಾಳೆಯಿಂದ ದಾರಿ ಬದಿಯ ಬಾವಿಗೆ ಹೋಗ್ತೇನೆ."

ದಾರಿ ಬದಿಯ ಬಾವಿ ಎಂದರೆ ಅರ್ಧ ಮೈಲು. ಆದರೆ ಅಮ್ಮನ ಮುಖ ನೋಡಿದರೆ ದೂರದ ಚಿಂತೆ ಅಲ್ಲ ಅದು. ಆಗಲೂ ನನಗೆ ಹೊಳೆಯಲಿಲ್ಲ. ಅಮ್ಮ ಎದ್ದು ಏನೋ ಬೇಕಾಗಿ ಮೂಲೆಯ ಬುಟ್ಟಿ ಎತ್ತಿದಳು. ಅಡಿಯಲ್ಲಿ ಬಾಡಿ ಚಿಂದಿಯಾದ ಹರಿವೆ, ಪಕ್ಕದಲ್ಲಿ ಸೌತೆಕಾಯಿ.

ಅಮ್ಮ ನನ್ನನ್ನು ನೋಡಿದಳು. ಅಪ್ಪನೂ ನೋಡಿದರು.

"ಬಿ.ಎ.ಗೆ ಎಷ್ಟು ವರ್ಷ ಓದಿದಿ ನೀನು?" ಎಂದು ಅಪ್ಪ ಕೇಳಿದರು.

"ಐದು."

"ಐದು ವರ್ಷದಲ್ಲಿ ಒಬ್ಬನೂ ತಟ್ಟೆಯ ವಿಷಯ ಹೇಳ್ಲಿಲ್ವಾ?"

ಅಮ್ಮ ನನ್ನ ಕೈ ಹಿಡಿದು ಬೇಲಿ ದಾಟಿಸಿದಳು. ಇಪ್ಪತ್ತೆರಡು ವರ್ಷದ ಪದವೀಧರನನ್ನು ಕೈ ಹಿಡಿದು ಎಳೆದುಕೊಂಡು ಹೋಗುವುದನ್ನು ಬೀದಿಯವರು ನೋಡಿದರು. ನೋಡಲಿ ಎಂದೇ ಅಮ್ಮ ನಿಧಾನ ನಡೆದಳೋ ಏನೋ.

ಪೊರ್ಬುಗಳು ನಮ್ಮನ್ನು ಕಂಡದ್ದೇ ಹೊಲಿಯುತ್ತಿದ್ದ ಬಟ್ಟೆ ಬಿಟ್ಟು ಎದ್ದು ನಿಂತರು. "ನೋಡು ಮಾರಾಯ, ನುಗ್ಗೆ ಗೆಲ್ಲು ಕಡಿದೆ, ಹುಂಜ ಕಟ್ಟಿದೆ. ಇನ್ನೆಂತ ಮಾಡ್ಬೇಕು ಹೇಳು, ಅದನ್ನೂ ಮಾಡ್ತೇನೆ. ಕೋರ್ಟು ಮಾತ್ರ ಬೇಡ."

"ಯಾವ ಕೋರ್ಟು?" ಎಂದೆ.

ಅವರು ಗೋಡೆಯ ಕಡೆ ಕೈ ತೋರಿಸಿದರು. ಏಸುವಿನ ಪಟದ ಕೆಳಗೆ ನನ್ನ ಲಕೋಟೆ ನಿಂತಿತ್ತು. ಅರಗು ಒಡೆದಿರಲಿಲ್ಲ. ಎದುರಿಗೆ ಒಂದು ಮೇಣದ ಬತ್ತಿ ಉರಿಯುತ್ತಿತ್ತು. ಖಾಲಿ ತಟ್ಟೆ, ಅದರ ಮೇಲೆ ಉದ್ದದ ಲಕೋಟೆ, ಕೆಂಪು ಅರಗು, ಕಳುಹಿಸಿದವನ ಹೆಸರಿನ ಮುಂದೆ ಬಿ.ಎ.: ವಕೀಲರ ನೋಟೀಸಲ್ಲದೆ ಇನ್ನೇನು? ತೆರೆದರೆ ಜಾರಿಯಾದ ಹಾಗೆ, ತೆರೆಯದಿದ್ದರೆ ಯಾರೂ ಏನೂ ಮಾಡುವಂತಿಲ್ಲ ಎಂದು ಪೊರ್ಬುಗಳಿಗೆ ಯಾರೋ ತಿಳಿದವರು ಹೇಳಿದ್ದರಂತೆ. ಹಾಗಾಗಿ ಮೂರು ದಿನ ಪ್ರಾರ್ಥನೆಯಲ್ಲಿ ಅದನ್ನು ತಡೆದು ಹಿಡಿದಿದ್ದರು.

ಬಾಯಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ಕಣ್ಣು ಕೆಂಪಾಗಿತ್ತು.

"ಬಾಯಮ್ಮ, ಆ ತಟ್ಟೆ ಒಮ್ಮೆ ಕೊಡಿ" ಎಂದಳು ಅಮ್ಮ.

"ಅದು ಬಂದು ಮೂರು ದಿವಸ ಆಯ್ತಲ್ಲ."

"ಬರ್ಲಿಲ್ಲ. ಬಂದದ್ದು ಇವನ ಬಿ.ಎ. ಮಾತ್ರ. ತಟ್ಟೆ ಈಗ ಬರ್ತದೆ."

ಅಮ್ಮ ತಟ್ಟೆ ತೆಗೆದುಕೊಂಡು ಮನೆಗೆ ಹೋದಳು. ಹೊಸ ಹರಿವೆ ಕಿತ್ತು, ಅದೇ ಸೌತೆಕಾಯಿ ಇಟ್ಟು, ಬಟ್ಟೆ ಮುಚ್ಚಿ, ಮೊದಲ ಸಲ ಬರುತ್ತಿರುವವಳ ಹಾಗೆ ಬಂದಳು. ಬಾಯಮ್ಮ ಬಟ್ಟೆ ಎತ್ತಿ, ಮೊದಲ ಸಲ ನೋಡುತ್ತಿರುವವರ ಹಾಗೆ, "ಅಯ್ಯೋ, ಇದೆಲ್ಲ ಯಾಕೆ?" ಎಂದರು. ಆಮೇಲೆ ಇಬ್ಬರೂ ಅತ್ತರು. ಹೊರಗೆ ಹುಂಜದ ಹಗ್ಗ ಬಿಚ್ಚಲಾಯಿತು.

ನನ್ನ ಶಿಕ್ಷೆ ಬಾಕಿ ಇತ್ತು. ಕಾರ್ಡು ಓದಿ ಅರ್ಥ ಹೇಳಬೇಕೆಂದು ಎಲ್ಲರೂ ಕುಳಿತರು. ಹನ್ನೊಂದು ಸಾಲಿನಲ್ಲಿ ತುಳುವಿಗೆ ತಿರುಗಿಸಲು ಬಂದದ್ದು ಒಂದೇ: 'ಸೌಭಾಗ್ಯದ ಹಿಮವು ನಿಮ್ಮ ಒಲೆಯ ಮೇಲೆ ಇಳಿದು ಬರಲಿ.'

ಬಾಯಮ್ಮ ತಮ್ಮ ಒಲೆಯ ಕಡೆ ತಿರುಗಿ ನೋಡಿದರು. "ಒಲೆಯ ಮೇಲೆ ಬಿದ್ರೆ ಬೆಂಕಿ ನಂದುವುದಿಲ್ವಾ ಮಗಾ?"

"ನೋಟೀಸೇ ಒಳ್ಳೇದಿತ್ತು" ಎಂದರು ಪೊರ್ಬುಗಳು.

ಇದೆಲ್ಲ ನೆನಪಾಗಿ, ಇವತ್ತು ನಾನೇ ಹಿತ್ತಿಲಿಗೆ ಹೋದೆ. ಅಮ್ಮ ತೆಗೆದಿಟ್ಟ ಬೀಜದ ಹರಿವೆ ಇನ್ನೂ ಏಳುತ್ತಿದೆ. ಕಚ್ಚೆ ಎತ್ತಿ ಕಟ್ಟಿ, ಹೆಡ್‌ಮಾಸ್ಟರ ಕೈಗೆ ಮಣ್ಣು ಮಾಡಿಕೊಂಡು, ಒಂದು ಕಟ್ಟು ಕಿತ್ತೆ. ಸೌತೆಕಾಯಿಯನ್ನೂ ಇಟ್ಟೆ. ತಟ್ಟೆ ಹಿಡಿದು ಬೇಲಿ ದಾಟಿದೆ.

ಪೊರ್ಬುಗಳು ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದರು. ಎಪ್ಪತ್ತು ದಾಟಿದ ಬಾಯಮ್ಮ ಬಟ್ಟೆ ಎತ್ತಿದರು. ಸೊಪ್ಪನ್ನು ಆ ಕಡೆ ಈ ಕಡೆ ಸರಿಸಿ, ಅಡಿಯಲ್ಲಿ ಬೆರಳಾಡಿಸಿದರು.

"ಕಾಗದ ಗೀಗದ ಎಂತದೂ ಇಲ್ಲ ಅಲ್ವಾ?"

"ಇಲ್ಲ ಬಾಯಮ್ಮ."

ಅವರು ಹರಿವೆಯನ್ನು ಮಡಿಲಿಗೆ ತೆಗೆದುಕೊಂಡು, ಅದರ ಕೆಂಪನ್ನು ಸ್ವಲ್ಪ ಹೊತ್ತು ನೋಡಿದರು. "ನಿನ್ನ ಅಮ್ಮನದ್ದೇ ಸೊಪ್ಪು" ಎಂದರು. ಆಮೇಲೆ ಒಳಗೆ ಹೋಗಿ, ಖಾಲಿಯಾದ ತಟ್ಟೆಗೆ ಎಲ್ಲಿಂದಲೋ ಒಂದು ನೆವ್ರಿ ಹುಡುಕಿ ಹಾಕಿ ತಂದು, ಮತ್ತೆ ನನ್ನ ಕೈಗೇ ಕೊಟ್ಟರು.

"ಇದೆಂತ ಬಾಯಮ್ಮ, ತಟ್ಟೆ ನಿಮ್ಮದಲ್ವಾ? ಹೀಗಾದ್ರೆ ಇದು ಮುಗಿಯುವುದು ಯಾವಾಗ?"

"ಮುಗಿಸ್ಲಿಕ್ಕೆ ನೋಡಿದವ ನೀನೊಬ್ಬನೇ" ಎಂದರು ಬಾಯಮ್ಮ.

ನೆವ್ರಿ ತಿಂದಾಯಿತು. ತಟ್ಟೆ ಈಗ ನಮ್ಮ ಅಡುಗೆಮನೆಯಲ್ಲಿದೆ. ಮಾಡಿನಲ್ಲಿ ಇನ್ನೂ ಎಷ್ಟು ಸೌತೆಕಾಯಿ ಉಳಿದಿದೆ ಎಂದು ನೋಡುತ್ತಿದ್ದೇನೆ.