ಕೆಂಪು ಶಾಯಿಯ ಸಹಿ

ಗೆಳೆಯರೇ, ನಮ್ಮ ಸಿರುಗುಪ್ಪದ ಪಿಯು ಕಾಲೇಜಿಗೆ ಇವತ್ತು ಕೊನೆಗೂ ಕಂಪ್ಯೂಟರ್ ಬಂತು. ಇಷ್ಟು ವರ್ಷ ಕಂಪ್ಯೂಟರ್ ಪಾಠ ಮಾಡುವ ನಾನು ಪ್ರೋಗ್ರಾಂಗಳನ್ನು ಬೋರ್ಡಿನ ಮೇಲೆಯೇ ಓಡಿಸಿದ್ದೆ. ಮಕ್ಕಳು ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ನೋಡಿ ತಮ್ಮದರಲ್ಲಿ ಪೆನ್ಸಿಲಿನಲ್ಲಿ ಔಟ್‌ಪುಟ್ ಬರೆಯುತ್ತಿದ್ದರು. ನಾನು ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತಿದ್ದೆ.

ಮೊದಲು ಕೂತವಳು ಶಬಾನಾ. ರೆಕಾರ್ಡಿನಲ್ಲಿದ್ದ ಅಂಕಗಳನ್ನೇ ಕೊಟ್ಟು ಸರಾಸರಿ ತೆಗೆದಳು. ಪರದೆಯ ಮೇಲೆ ಅರವತ್ತೆರಡು ಬಂತು. ರೆಕಾರ್ಡಿನಲ್ಲಿ ಎಪ್ಪತ್ತೆರಡು ಇತ್ತು.

"ಸರ್, ಈ ಕಂಪ್ಯೂಟರ್ ತಪ್ಪು ಲೆಕ್ಕ ಮಾಡಾಕತ್ತೈತ್ರಿ."

"ಇಲ್ಲವ್ವಾ, ನಿನ್ನ ರೆಕಾರ್ಡ್ ತಪ್ಪೈತಿ."

"ಹೆಂಗ್ರೀ ಸರ್? ನಮ್ಮಕ್ಕನ ರೆಕಾರ್ಡಿನ್ಯಾಗೂ ಎಪ್ಪತ್ತೆರಡೇ ಐತ್ರಿ. ನೀವೇ ಸೈನ್ ಮಾಡೀರಲ್ರೀ!"

ಶಬಾನಾ ಪಕ್ಕದವಳ ಹತ್ತಿರ ರಬ್ಬರ್ ಇಸಿದುಕೊಂಡು ಉತ್ತರ ತಿದ್ದಿದಳು. ಪೆನ್ಸಿಲಿನದು ಅಳಿಸಿತು. ಅದರ ಕೆಳಗಿನ ನನ್ನ ಸಹಿ ಮಾತ್ರ ಹಾಗೇ ಉಳಿಯಿತು.