ಪಕ್ಕದ ಟೆಂಪೋದಲ್ಲಿ ನನ್ನ ಭಜನೆ

ಅಂಕೋಲೆಯ ಚಹಾ ಅಂಗಡಿಯೆದುರು ಕಾರು ನಿಲ್ಲಿಸಿದ್ದೆ. ಹಳೆಯ ಕಾರು, ಅದರ ಸ್ಟೀರಿಯೋಗೆ ವೈರು ಸಿಕ್ಕಿಸಲು ತೂತಿಲ್ಲ. ಹಾಗಾಗಿ ಪ್ಲೇಯರಿನ ಹಾಡನ್ನು ನಾಲ್ಕಾರು ಅಡಿಯೊಳಗಿನ ರೇಡಿಯೋಗೆ ದಾಟಿಸುವ ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್ ಹಾಕಿಕೊಂಡಿದ್ದೆ. ಸಂಜೆ ಕಾರವಾರದಲ್ಲಿ ಹಾಡಬೇಕಿದ್ದ ಮರಾಠಿ ಭಜನೆಯನ್ನು ನಾನೇ ಹಾಡಿ ರೆಕಾರ್ಡ್ ಮಾಡಿದ್ದೆ. ಅದನ್ನು ಕೇಳುತ್ತ ತಪ್ಪು ಹುಡುಕುತ್ತಿದ್ದೆ.

ಪಕ್ಕದಲ್ಲಿ ಮೀನಿನ ಟೆಂಪೋ ಬಂದು ನಿಂತಿತು. ಕರಕರ ಎನ್ನುತ್ತಿದ್ದ ಅದರ ರೇಡಿಯೋ ಥಟ್ಟನೆ ನನ್ನ ದನಿಯಲ್ಲೇ ಹಾಡತೊಡಗಿತು.

“ಗೋವಾ ಸ್ಟೇಶನ್ ಹಿಡೀತು ನೋಡೆ,” ಎಂದಳು ಟೆಂಪೋದಲ್ಲಿ ಬುಟ್ಟಿ ಹಿಡಿದು ಕೂತಿದ್ದ ಹೆಂಗಸು.

“ಗೋವಾದವ್ರು ಇಂಥವ್ರಿಗೂ ಹಾಡೂಕೆ ಕೊಡ್ತಾರಾ?” ಎಂದಳು ಅವಳ ಜೊತೆಗಾತಿ.

ಡ್ರೈವರ್ ಬಂದ್ ಮಾಡಲು ಕೈ ಚಾಚಿದ.

“ತಡಿಯೋ, ಪಾಪ. ಮುಗಿಸ್ಲಿ,” ಎಂದಳು ಮೊದಲಿನವಳು.

ನನ್ನ ಚಹಾ ಮುಗಿದಿತ್ತು. ಹಾಡು ಮುಗಿಯುವವರೆಗೆ ಕಾರು ತೆಗೆಯಲಿಲ್ಲ.